ಭಾಂಡುಪಿನ ಕಲ್ಲಿಗೆ ಹಾಕಿದ ಬಾಣ

ಯಾರದ್ದಾದರೂ ಕೋಣೆಯೊಳಗೆ ಕಾಲಿಡುವ ಮುಂಚೆ ಜೇಬಿನಲ್ಲಿರುವ ಬೀಗದ ಕೈಗಳನ್ನು ತೆಗೆದು ಹೊರಗಿಡುವ ಅಭ್ಯಾಸ ನನಗಿದೆ. ಕೈಗಡಿಯಾರ ಬಿಚ್ಚುತ್ತೇನೆ. ಸೊಂಟದ ಬೆಲ್ಟಿಗೂ ಕೈ ಹೋಗುತ್ತದೆ. ಹೋದ ತಿಂಗಳು ಡಾಕ್ಟರ ಕೋಣೆಯ ಬಾಗಿಲಲ್ಲಿ ಹೀಗೆಯೇ ಬೆಲ್ಟು ಬಿಚ್ಚತೊಡಗಿದಾಗ ಅಲ್ಲಿನ ಕಾಂಪೌಂಡರ್ ಗಾಬರಿಯಿಂದ, "ಅಂಕಲ್, ಇಂಜೆಕ್ಷನ್ ಕೈಗೇ ಕೊಡೋದು" ಎಂದ. ಅಂದಿನಿಂದ ನನ್ನ ಹೆಂಡತಿ ನನ್ನ ಜೊತೆ ಡಾಕ್ಟರಲ್ಲಿಗೆ ಬರುವುದನ್ನು ಬಿಟ್ಟಿದ್ದಾಳೆ.

ಇದು ಹುಚ್ಚಲ್ಲ. ಐವತ್ತರ ದಶಕದಲ್ಲಿ ಮುಂಬಯಿಯ ಸಾಂತಾಕ್ರೂಜ್‌ನ ಒಂದು ಮರದ ಗುಡಿಸಲು ನನಗೆ ಅಂಟಿಸಿ ಕಳಿಸಿದ ಕಾಯಿಲೆ. ವಿಮಾನ ನಿಲ್ದಾಣದ ಆಚೆ, ಯುದ್ಧಕಾಲದಲ್ಲಿ ಸಿಪಾಯಿಗಳಿದ್ದು ಬಿಟ್ಟುಹೋದ ಬಯಲಿನ ಮೂಲೆಯಲ್ಲಿ ಆ ಗುಡಿಸಲಿತ್ತು. ಅದಕ್ಕೆ ಹೊಡೆದ ಮೊಳೆಗಳು ತಾಮ್ರದವು, ಬಾಗಿಲ ತಿರುಗಣಿ ಹಿತ್ತಾಳೆಯದು. ಕಬ್ಬಿಣವೆಂಬುದು ಹೆಸರಿಗೂ ಇರಬಾರದು, ಏಕೆಂದರೆ ಒಳಗೆ ಕೂದಲಿಗಿಂತ ಸಣ್ಣ ಎಳೆಯಲ್ಲಿ ಎರಡು ಪುಟ್ಟ ಅಯಸ್ಕಾಂತಗಳು ಒಂದಕ್ಕೊಂದು ವಿಮುಖವಾಗಿ ತೂಗಾಡುತ್ತಿದ್ದವು. ಎಳೆಗೆ ಅಂಟಿಸಿದ ಚೂರು ಕನ್ನಡಿಯ ಮೇಲೆ ದೀಪದ ಬೆಳಕು ಬಿದ್ದು, ಎದುರು ಗೋಡೆಯ ಅಳತೆಪಟ್ಟಿಯ ಮೇಲೆ ಒಂದು ಚುಕ್ಕೆಯಾಗಿ ನಿಲ್ಲುತ್ತಿತ್ತು. ಕೆಳಗೆ ಒಂದು ಕಲ್ಲಿಟ್ಟರೆ ಆ ಚುಕ್ಕೆ ಸರಿಯುತ್ತಿತ್ತು. ಕಲ್ಲನ್ನು ತಿರುಗಿಸಿ ತಿರುಗಿಸಿ ಇಟ್ಟು, ಚುಕ್ಕೆ ಎಷ್ಟು ಸರಿಯಿತೆಂದು ಬರೆದುಕೊಂಡರೆ, ಕಲ್ಲಿನೊಳಗೆ ಅಡಗಿರುವ ಕಾಂತತ್ವ ಯಾವ ದಿಕ್ಕಿಗಿದೆ ಎಂದು ಲೆಕ್ಕ ಹಾಕಬಹುದು. ಜೇಬಿನಲ್ಲಿ ಬೀಗದ ಕೈ ಇರುವವನು ಹತ್ತಿರ ಬಂದರೆ ಚುಕ್ಕೆ ಪಟ್ಟಿ ಬಿಟ್ಟು ಓಡಿಹೋಗುತ್ತಿತ್ತು. ದೂರದಲ್ಲಿ ಲೋಕಲ್ ಟ್ರೈನು ಹೋದರೂ ನಡುಗುತ್ತಿತ್ತು.

ನನಗೂ ಅಯಸ್ಕಾಂತಕ್ಕೂ ಹಳೆಯ ನಂಟು. ನಂಜನಗೂಡಿನಲ್ಲಿ ಹುಡುಗನಾಗಿದ್ದಾಗ ಹಾಳಾದ ರೇಡಿಯೋದಿಂದ ಕಿತ್ತ ಒಂದು ಅಯಸ್ಕಾಂತ ನನ್ನಲ್ಲಿತ್ತು. ಅದಕ್ಕೆ ದಾರ ಕಟ್ಟಿ ಹೊಳೆಯ ಮರಳಿನಲ್ಲಿ ನಾಯಿಮರಿಯಂತೆ ಎಳೆದುಕೊಂಡು ಹೋದರೆ ಕಪ್ಪು ಪುಡಿ ಮೀಸೆಯ ಹಾಗೆ ಮೆತ್ತಿಕೊಳ್ಳುತ್ತಿತ್ತು. ಸೋದರತ್ತೆ ಚಾಪೆಯಲ್ಲಿ ಕಳೆದುಕೊಂಡ ಸೂಜಿಯನ್ನು ಒಮ್ಮೆ ಅದರಿಂದಲೇ ಹುಡುಕಿಕೊಟ್ಟೆ. ಅವರು, "ನೀನು ದೊಡ್ಡ ವಿಜ್ಞಾನಿ ಆಗ್ತೀಯ ಕಣೋ" ಎಂದರು. ಆ ಮಾತನ್ನು ನಾನು ನಂಬಿದೆ. ಭೂವಿಜ್ಞಾನದಲ್ಲಿ ಬಿ.ಎಸ್ಸಿ. ಮಾಡಿದೆ. ನಂಬಿಕೆಯ ಫಲವಾಗಿ ಮುಂಬಯಿಯ ಒಂದು ಸಂಶೋಧನಾ ಕಚೇರಿಯಲ್ಲಿ ಕಲ್ಲು ಹೊರುವ ಕೆಲಸ ಸಿಕ್ಕಿತು. ಹುದ್ದೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು. ಹೊರುತ್ತಿದ್ದದ್ದು ಕಲ್ಲನ್ನೇ.

ನಮ್ಮ ವಿಭಾಗದ ಮುಖ್ಯಸ್ಥರು ಡಾಕ್ಟರ್ ಶೇಷಾಚಾರ್. ಮೈಸೂರಿನವರು. ಇಂಗ್ಲೆಂಡಿನಲ್ಲಿ ಓದಿ ಬಂದವರು. ಓದಿದ್ದು ಮೂವತ್ತು ವರ್ಷಗಳ ಹಿಂದೆ, ಆಮೇಲೆ ಓದಿರಲಿಲ್ಲ. ಕೋಟಿನ ಜೇಬಿನಲ್ಲಿ ಸದಾ ಉಕ್ಕಿನ ಸಿಗರೇಟು ಡಬ್ಬಿ ಇರುತ್ತಿತ್ತು. ಗುಡಿಸಲಿಗೆ ಬಂದಾಗ ಅದನ್ನು ಹೊರಗಿಟ್ಟು ಬರುವುದು ತಮ್ಮ ದರ್ಜೆಗೆ ಕಡಿಮೆಯೆಂದು ಅವರು ಭಾವಿಸಿದ್ದರು. ಡಬ್ಬಿಯೊಂದಿಗೆ ಒಳಗೆ ಬರುವರು, ಬೆಳಕಿನ ಚುಕ್ಕೆ ದಿಕ್ಕೆಟ್ಟು ಓಡುವುದನ್ನು ಕಣ್ಣಾರೆ ನೋಡುವರು, "ನೋಡಿದ್ರಾ, ನಿಮ್ಮ ಮಿಷನ್ನೇ ಸ್ಥಿರವಾಗಿಲ್ಲ" ಎಂದು ಹೇಳಿ ಹೋಗುವರು. ಒಂದು ಸಲವಲ್ಲ, ಪ್ರತಿ ಸಲವೂ.

ಆ ಮಿಷನ್ನನ್ನು ಕೈಯಾರೆ ಕಟ್ಟಿದವಳು ವತ್ಸಲಾ ಭಟ್. ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಮುಖ್ಯ ಅಡುಗೆಯವರಾಗಿದ್ದ ಸುಬ್ರಾಯ ಭಟ್ಟರ ಮಗಳು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದಳು. ನಾನು ಎರಡು ಹೊತ್ತೂ ಆ ಹೋಟೆಲಿನಲ್ಲೇ ಉಣ್ಣುತ್ತಿದ್ದುದರಿಂದ ತಂದೆಯ ಸಾರನ್ನೂ ಮಗಳ ಮೌನವನ್ನೂ ಚೆನ್ನಾಗಿ ಬಲ್ಲೆ. ಎರಡೂ ಖಾರವಾಗಿದ್ದವು. ಅವಳು ನನ್ನೊಂದಿಗೆ ಮೊದಲ ದಿನ ಆಡಿದ ಮಾತು, "ಬೆಲ್ಟ್ ತೆಗೀರಿ." ಎರಡನೆಯ ಮಾತು, "ಕೊಡೆ ಹೊರಗೆ ಇಡಿ." ಮೂರನೆಯ ಮಾತಿಗೆ ತಿಂಗಳುಗಟ್ಟಲೆ ಕಾಯಬೇಕಾಯಿತು.

ನನ್ನ ಪಾಲಿನ ಕೆಲಸ ಭಾಂಡುಪ್ ಬೆಟ್ಟದ ಕಲ್ಲಿನ ಕ್ವಾರಿಯಲ್ಲಿತ್ತು. ಈ ನಾಡಿನ ಕಪ್ಪು ಕಲ್ಲೆಲ್ಲ ಒಂದು ಕಾಲದಲ್ಲಿ ಕರಗಿ ಹರಿದ ಬೆಂಕಿರಸ. ಅದು ತಣಿದು ಕಲ್ಲಾಗುವಾಗ ಅದರಲ್ಲಿನ ಕಬ್ಬಿಣದ ಕಣಗಳು ಆಗಿನ ಭೂಮಿಯ ಕಾಂತತ್ವ ಯಾವ ದಿಕ್ಕಿಗಿತ್ತೋ ಆ ದಿಕ್ಕನ್ನೇ ಹಿಡಿದು ಉಳಿದುಬಿಡುತ್ತವೆ. ಅದನ್ನು ಓದಬೇಕಾದರೆ ಕಲ್ಲು ಬಂಡೆಯಲ್ಲಿ ಹೇಗೆ ಕುಳಿತಿತ್ತು ಎಂಬುದು ಗೊತ್ತಿರಬೇಕು. ಹಾಗಾಗಿ ಒಡೆಯುವ ಮುಂಚೆಯೇ ಅದರ ಮೇಲೆ ರಸಮಟ್ಟವಿಟ್ಟು ಓರೆ ನೋಡಿ, ಉತ್ತರ ದಿಕ್ಕಿಗೆ ಬಿಳಿ ಬಣ್ಣದ ಬಾಣ ಬರೆಯಬೇಕು. ಕಾಂತತ್ವವಿರುವ ಕಲ್ಲಿನ ಪಕ್ಕದಲ್ಲಿ ದಿಕ್ಸೂಚಿಯನ್ನು ನಂಬುವ ಹಾಗಿಲ್ಲ. ಆದ್ದರಿಂದ ಒಂದು ಕೋಲು ನೆಟ್ಟು, ಅದರ ನೆರಳು ನೋಡಿ, ಸೂರ್ಯನಿಂದಲೇ ಉತ್ತರವನ್ನು ಕೇಳಿಕೊಳ್ಳುತ್ತಿದ್ದೆ. ಉರಿಬಿಸಿಲಲ್ಲಿ ಮೊಣಕಾಲೂರಿ ಕಲ್ಲಿಗೆ ಚಿತ್ತಾರ ಬರೆಯುವ ನನ್ನನ್ನು ಕಂಡು ಅಲ್ಲಿ ಜಲ್ಲಿ ಹೊರುತ್ತಿದ್ದ ಹೆಂಗಸೊಬ್ಬಳು, "ಸಾಹೇಬ ದಗಡಾವರ್ ಪತ್ತಾ ಲಿಹಿತೋಯ್" ಎಂದು ಉಳಿದವರನ್ನು ಕರೆದು ತೋರಿಸಿದಳು. ಸಾಹೇಬ ಕಲ್ಲಿನ ಮೇಲೆ ವಿಳಾಸ ಬರೆಯುತ್ತಿದ್ದಾನಂತೆ. ನನಗೆ ಆಗ ಕೋಪ ಬಂದಿತ್ತು. ನಾವೆಲ್ಲ ಸೇರಿ ಆ ಕೆಲಸಕ್ಕೆ ಕೊಟ್ಟ ಹೆಸರುಗಳಲ್ಲಿ ಅವಳದ್ದೇ ಸರಿಯಾದದ್ದು ಎಂದು ಈಗ ಅನಿಸುತ್ತದೆ.

ಮೂರನೆಯ ಮಾತು ಹೇಳಿದೆನಲ್ಲ, ಅದು ಹೀಗಿತ್ತು. ಒಂದು ಸಂಜೆ ವತ್ಸಲಾ ನನ್ನನ್ನು ಗುಡಿಸಲಿಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದಳು.

"ಮೂರ್ತಿಯವರೇ, ಇವತ್ತು ಬೊಂಬಾಯಿಯಲ್ಲಿ ಅಯಸ್ಕಾಂತದ ಸೂಜಿಯನ್ನು ನಡುವಿಗೆ ನೂಲು ಕಟ್ಟಿ ಬಿಟ್ರೆ ಉತ್ತರದ ತುದಿ ಸ್ವಲ್ಪ ಕೆಳಗೆ ವಾಲ್ತದೆ. ಉತ್ತರಕ್ಕೆ ಹೋದ ಹಾಗೆ ಇನ್ನೂ ವಾಲ್ತದೆ. ಭೂಮಧ್ಯರೇಖೆಯಲ್ಲಿ ಮಟ್ಟಸ ನಿಲ್ತದೆ. ರೇಖೆ ದಾಟಿ ದಕ್ಷಿಣಕ್ಕೆ ಹೋದ್ರೆ ಆ ತುದಿ ಮೇಲಕ್ಕೇಳ್ತದೆ. ಸರಿಯಾ?"

"ಸರಿ. ಪುಸ್ತಕದಲ್ಲೇ ಇದೆಯಲ್ಲ."

"ನಿಮ್ಮ ಭಾಂಡುಪಿನ ಕಲ್ಲಿನಲ್ಲಿ ಉತ್ತರದ ತುದಿ ಮೇಲಕ್ಕುಂಟು."

"ಯಾವ ಕಲ್ಲಿನಲ್ಲಿ?"

"ಎಲ್ಲದರಲ್ಲೂ. ಅದೂ ಸೀದಾ ಉತ್ತರಕ್ಕಲ್ಲ, ಪಶ್ಚಿಮಕ್ಕೆ ತಿರುಗಿಕೊಂಡುಂಟು. ಬೆಟ್ಟದ ಪದರ ವಾಲಿದ್ದನ್ನೂ ಲೆಕ್ಕಕ್ಕೆ ಹಿಡಿದು ನೋಡಿದೆ."

"ಹಾಗಂದ್ರೆ ಏನು?"

"ಈ ಕಲ್ಲು ತಣಿಯುವಾಗ ಈ ಊರು ಇಲ್ಲಿರ್ಲಿಲ್ಲ. ರೇಖೆಯಿಂದ ಆಚೆ, ದಕ್ಷಿಣದಲ್ಲಿತ್ತು. ಬರುವಾಗ ಒಂದಿಷ್ಟು ತಿರುಗಿ ಬಂದಿದೆ. ಊರು ಅಂದ್ರೆ ಬೊಂಬಾಯಿ ಮಾತ್ರ ಅಲ್ಲ. ಇಡೀ ದೇಶ."

ದಾದರಿನಲ್ಲಿ ಗಾಡಿ ಬದಲಿಸಬೇಕು ಎನ್ನುವಷ್ಟೇ ದನಿಯಲ್ಲಿ ಅವಳು ಇದನ್ನು ಹೇಳಿದಳು. ನಾನು ನಕ್ಕೆ. ಭೂಖಂಡಗಳು ಜಾರುತ್ತವೆ ಎಂಬ ಮಾತು ಆಗ ಹೊಸದೇನಾಗಿರಲಿಲ್ಲ, ಆದರೆ ಅದನ್ನು ನಂಬುವವರನ್ನು ನಮ್ಮ ಕಡೆ ಜ್ಯೋತಿಷಿಗಳ ಬೆಂಚಿನಲ್ಲಿ ಕೂರಿಸುತ್ತಿದ್ದರು. ನಾನು ಓದಿದ ಕಾಲೇಜಿನಲ್ಲಿ ಅದನ್ನು ನಗಿಸುವುದಕ್ಕಾಗಿಯೇ ಹೇಳಿಕೊಡುತ್ತಿದ್ದರು. ನಾನು ವಿಧೇಯ ವಿದ್ಯಾರ್ಥಿ, ನಗುವುದನ್ನು ಚೆನ್ನಾಗಿ ಕಲಿತಿದ್ದೆ.

ವಿಭಾಗದ ಸಭೆಯಲ್ಲಿ ಅವಳು ಇದೇ ಮಾತನ್ನು ನಕ್ಷೆಗಳೊಂದಿಗೆ ಮಂಡಿಸಿದಳು. ಮುಗಿಸುವವರೆಗೂ ಶೇಷಾಚಾರ್ ಉಗುರು ನೋಡಿಕೊಳ್ಳುತ್ತಿದ್ದರು. ಆಮೇಲೆ ಎದ್ದು, "ಮಿಸ್ ಭಟ್ ಅವರ ಪ್ರಕಾರ ಭಾಂಡುಪ್ ಮಡಗಾಸ್ಕರದ ನೆರೆಯಲ್ಲಿತ್ತು. ಅಲ್ಲಿಂದ ಬೆಳಿಗ್ಗೆ ವಿ.ಟಿ. ಸ್ಟೇಷನ್ನಿಗೆ ಬರೋ ಜನ ಎಷ್ಟು ಹೊತ್ತಿಗೆ ಏಳ್ತಿದ್ರೋ ಪಾಪ" ಎಂದರು. ಸಭೆ ನಕ್ಕಿತು. ವಿದ್ವಾಂಸರ ಸಭೆ ನಗುವುದನ್ನು ನೀವು ನೋಡಿರಬಹುದು. ಮೊದಲು ಮುಖ್ಯಸ್ಥರ ಮುಖ ನೋಡುತ್ತಾರೆ, ಆಮೇಲೆ ಹಲ್ಲು ಬಿಡುತ್ತಾರೆ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ವತ್ಸಲಾ ನಗು ನಿಲ್ಲುವವರೆಗೆ ಕಾದು, "ಅಳತೆಯಲ್ಲಿ ತಪ್ಪು ಎಲ್ಲಿ ಉಂಟು ಅಂತ ಹೇಳಿದ್ರೆ ತಿದ್ದಿಕೊಳ್ತೇನೆ" ಎಂದಳು.

ತಪ್ಪು ಎಲ್ಲಿದೆ ಎಂದು ಶೇಷಾಚಾರ್ಯರಿಗೆ ಗೊತ್ತಿರಲಿಲ್ಲ. ಅಂಥವರಿಗೆ ಅದೊಂದು ಅಡಚಣೆಯೇ ಅಲ್ಲ. ಮರುದಿನ ನನ್ನನ್ನು ಕೋಣೆಗೆ ಕರೆದು ಕುರ್ಚಿ ತೋರಿಸಿದರು. ಕಚೇರಿಗೆ ಸೇರಿದ ಮೇಲೆ ಅವರ ಎದುರು ನಾನು ಕುಳಿತದ್ದು ಅದೇ ಮೊದಲು.

"ಏನಪ್ಪ ಮೂರ್ತಿ, ನೀನು ನಮ್ಮ ಕಡೆಯೋನು. ಊಟಗೀಟ ಹೇಗೆ ನಡೀತಿದೆ?"

"ಚೆನ್ನಾಗಿದೆ ಸಾರ್."

"ಕಲ್ಲಿಗೆ ಗುರುತು ಹಾಕಿದ್ದು ನೀನೇ ಅಲ್ವಾ? ಬಿಸಿಲಿನಲ್ಲಿ ಒಂದೆರಡು ಕಲ್ಲು ಮೇಲುಕೆಳಗಾಗೋದು ಸಹಜ. ನಿನ್ನ ತಪ್ಪು ಅಂತ ಯಾರೂ ಅನ್ನೋಲ್ಲ."

"ಒಂದೆರಡಲ್ಲ ಸಾರ್, ಎಲ್ಲಾ ಕಲ್ಲಿನಲ್ಲೂ ಹಾಗೇ ಬಂದಿದೆಯಂತೆ."

"ಹಾಗಾದ್ರೆ ಎಲ್ಲಾ ಮೇಲುಕೆಳಗಾಗಿರಬೇಕು" ಎಂದರು ಶಾಂತವಾಗಿ. "ನಿನ್ನ ಕಾಯಂ ಆಗೋ ಕಾಗದ ನನ್ನ ಮೇಜಿನ ಮೇಲಿದೆ. ಇವತ್ತೋ ನಾಳೆಯೋ ನೋಡ್ತೀನಿ. ಅಷ್ಟರಲ್ಲಿ ನೀನು ಇದನ್ನು ನೋಡು."

ಟೈಪು ಮಾಡಿದ ಹಾಳೆ ಸಿದ್ಧವಾಗಿತ್ತು. ಗುರುತು ಹಾಕುವಾಗ ಕಲ್ಲುಗಳು ತಲೆಕೆಳಗಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂಬ ಅರ್ಥದ ಒಂದು ಇಂಗ್ಲಿಷ್ ವಾಕ್ಯ. ಯಾರು ತಲೆಕೆಳಗು ಮಾಡಿದರು, ಯಾರು ತಳ್ಳಿಹಾಕಲಾರರು, ವಾಕ್ಯದಲ್ಲಿ ಯಾವ ನರಪ್ರಾಣಿಯೂ ಇರಲಿಲ್ಲ. ಹೇಡಿಗಳಿಗೆ ಅನುಕೂಲವಾಗಲೆಂದೇ ಮಾಡಿದ ವ್ಯಾಕರಣ ಅದು. ಆ ನಿರ್ಜನವಾದ ವಾಕ್ಯದ ಕೆಳಗೆ ನನ್ನ ಹೆಸರನ್ನು ಮಾತ್ರ ಬಹಳ ಸ್ಪಷ್ಟವಾಗಿ ಟೈಪು ಮಾಡಿದ್ದರು. ಸಹಿ ಹಾಕಿದೆ. ಅಕ್ಷರ ದುಂಡಗೆ ಬಂದಿತ್ತು.

ಆ ಸಹಿಯ ಮುಂದೆ ಅವಳ ಇಡೀ ವರ್ಷದ ಕೆಲಸ ನಿಲ್ಲಲಿಲ್ಲ. ನನ್ನೊಂದಿಗೆ ಅವಳು ಜಗಳವಾಡಲಿಲ್ಲ. ಮಾತೇ ನಿಲ್ಲಿಸಿದಳು. ಅವಳ ತಂದೆಯೂ ಜಗಳಕ್ಕೆ ಬರಲಿಲ್ಲ. ಒಂದು ಬೆಳಿಗ್ಗೆ ನಾನು ಇಡ್ಲಿಯ ಎದುರು ಕುಳಿತಿದ್ದಾಗ ಸುಬ್ರಾಯ ಭಟ್ಟರು ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು ಪಕ್ಕದಲ್ಲಿ ನಿಂತರು.

"ಒಂದು ಕೇಳ್ತೇನೆ ಮೂರ್ತಿಯವರೇ. ಕಲ್ಲಿನ ಅಡಿ ಯಾವುದು, ತುದಿ ಯಾವುದು ಅಂತ ಗೊತ್ತಾಗುದಿಲ್ವಾ?"

"ಕೆಲವೊಮ್ಮೆ ತಪ್ಪಾಗುತ್ತೆ ಭಟ್ರೇ."

"ಹೌದಾ. ನನಗೆ ದೋಸೆ ಕಂಡ್ರೆ ಯಾವ ಬದಿ ಕಾವಲಿಗೆ ತಾಗಿದ್ದು ಅಂತ ಗೊತ್ತಾಗ್ತದೆ. ನಾನು ನಾಲ್ಕನೇ ಕ್ಲಾಸು. ನೀವು ಬಿ.ಎಸ್ಸಿ. ಕಲಿತವರು, ಅದಕ್ಕೆ ಕೇಳಿದ್ದು." ಹಾಗೆಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾಂಬಾರು ಬಡಿಸಿ ಒಳಗೆ ಹೋದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಇಡ್ಲಿ ಮುಗಿಸಿಯೇ ಏಳುತ್ತಿದ್ದೆ.

ಮುಂದಿನ ಭಾನುವಾರ ಭಟ್ಟರು ಹೋಟೆಲಿಗೆ ರಜೆ ಹಾಕಿದರು. ಅಪ್ಪ, ಮಗಳು ಇಬ್ಬರೂ ಭಾಂಡುಪಿಗೆ ಹೋದರಂತೆ. ಪಂಚೆ ಎತ್ತಿಕಟ್ಟಿದ ಅಡುಗೆಯವರು ಬಿಸಿಲಿನಲ್ಲಿ ಕೋಲು ಹಿಡಿದು ನಿಂತರು, ಮಗಳು ನೆರಳು ಅಳೆದು ಬಾಣ ಬರೆದಳು, ಕ್ವಾರಿಯವರು ಒಡೆದುಕೊಟ್ಟರು. ಕಲ್ಲುಗಳನ್ನು ಹೋಟೆಲಿನ ಅಕ್ಕಿ ಚೀಲದಲ್ಲಿ ತುಂಬಿ ಲೋಕಲ್‌ನಲ್ಲಿ ತಂದರು. ಅವಳು ಮತ್ತೆ ಗುಡಿಸಲಿನಲ್ಲಿ ಕುಳಿತು ಟ್ರೈನು ಟ್ರೈನಿನ ನಡುವೆ ಚುಕ್ಕೆ ನಿಲ್ಲುವುದನ್ನು ಕಾಯುತ್ತ ಹದಿನೈದು ದಿನ ಅಳೆದಳು. ಉತ್ತರದ ತುದಿ ಮೇಲಕ್ಕೇ ಇತ್ತು, ಪಶ್ಚಿಮಕ್ಕೇ ತಿರುಗಿತ್ತು.

ಶೇಷಾಚಾರ್ ಆ ಹಾಳೆಗಳನ್ನು ತೆರೆಯಲೂ ಇಲ್ಲ. ಕಚೇರಿಯ ಗುಡಿಸಲನ್ನು ಅನುಮತಿಯಿಲ್ಲದ ಕಲ್ಲುಗಳಿಗೆ ಬಳಸಿದ್ದೇಕೆ ಎಂದು ವಿವರಣೆ ಕೇಳಿದರು. ಭೂಖಂಡವೊಂದು ಕಡಲು ದಾಟಿ ಬಂದ ಸುದ್ದಿಗೆ ಆ ಮನುಷ್ಯನಿಗೆ ಹೊಳೆದ ಪ್ರಶ್ನೆ ಅದು. ವತ್ಸಲಾ ರಾಜೀನಾಮೆ ಬರೆದಳು. ಅವಳ ನೋಟುಪುಸ್ತಕಗಳು ಕಚೇರಿಯ ಸ್ವತ್ತೆಂದು ಬೀರುವಿನಲ್ಲಿ ಉಳಿದವು. ಮಾಟುಂಗದ ಒಂದು ಕಾಲೇಜಿನಲ್ಲಿ ಅವಳಿಗೆ ಡೆಮಾನ್‌ಸ್ಟ್ರೇಟರ್ ಕೆಲಸ ಸಿಕ್ಕಿತು. ಅದೇ ವಾರ ನನ್ನ ಕೆಲಸ ಕಾಯಂ ಆಯಿತು. ಕಚೇರಿಗೆಲ್ಲ ಪೇಡಾ ಹಂಚಿದೆ. ಎಲ್ಲರೂ ತಿಂದರು, ಒಬ್ಬರಾದರೂ ಬೇಡ ಎನ್ನಲಿಲ್ಲ. ನಾನೂ ಎರಡು ತಿಂದೆ. ಊಟದ ಹೋಟೆಲನ್ನು ಮಾತ್ರ ಬದಲಿಸಿದೆ, ಅಲ್ಲಿನ ಸಾರು ನೀರು ನೀರಾಗಿತ್ತು.

ವರ್ಷ ಕಳೆದಿರಬಹುದು. ವಿದೇಶದಿಂದ ಒಂದು ಪತ್ರಿಕೆ ಬಂತು. ಅಲ್ಲಿಯ ವಿಜ್ಞಾನಿಗಳು ನಮ್ಮ ದಖ್ಖನಿನ ಕಲ್ಲುಗಳನ್ನೇ ತರಿಸಿ ಅಳೆದಿದ್ದರು. ಈ ನಾಡು ಒಂದು ಕಾಲದಲ್ಲಿ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು ಎಂದು ಬರೆದಿದ್ದರು. ಅಂದು ಬೆಳಿಗ್ಗೆ ಹನ್ನೊಂದರವರೆಗೆ ಶೇಷಾಚಾರ್ಯರ ಭಾರತ ಅಲುಗಾಡದೆ ಕುಳಿತಿತ್ತು. ಮಧ್ಯಾಹ್ನದ ಕಾಫಿಯ ಹೊತ್ತಿಗೆ ಹೊರಟುಬಿಟ್ಟಿತ್ತು. "ಇದನ್ನು ನಮ್ಮ ವಿಭಾಗ ಮೊದಲೇ ಕಂಡುಕೊಂಡಿತ್ತು" ಎಂದು ಅವರು ಕಾಫಿ ಕಪ್ಪು ಹಿಡಿದು ಎಲ್ಲರಿಗೂ ಹೇಳುತ್ತಿದ್ದರು. ವಿ.ಟಿ. ಲೋಕಲ್ಲಿನ ಮಾತಿಗೆ ನಕ್ಕಿದ್ದ ಅದೇ ಹಲ್ಲುಗಳು ಈಗ ಹೌದು ಹೌದು ಎಂದವು.

ಸಂಜೆ ನನ್ನನ್ನು ಕರೆದರು. "ಆ ಭಟ್ ಬಿಟ್ಟುಹೋದ ನೋಟ್‌ಬುಕ್ ತಗೊಂಡ್ಬಾ. ನಾನೊಂದು ಪ್ರಬಂಧ ಕಳಿಸಬೇಕು. ಹಾಗೇ, ಫೈಲಿನಲ್ಲಿ ನಿಂದೊಂದು ಹೇಳಿಕೆ ಇತ್ತಲ್ಲ, ಅದನ್ನ ತೆಗೆದುಬಿಡು. ಈಗ ಅದು ಬೇಡ."

ನೋಟುಪುಸ್ತಕ ಕೊಟ್ಟೆ. ಹೇಳಿಕೆಯನ್ನು ಫೈಲಿನಿಂದ ಬಿಚ್ಚಿ ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡೆ. ಅದನ್ನು ಹರಿಯಲು ಮನಸ್ಸು ಬರಲಿಲ್ಲ. ಧೈರ್ಯವೆಂದು ತಿಳಿಯಬೇಡಿ. ಅದನ್ನು ಅವಳಿಗೆ ಕೊಟ್ಟು ಕ್ಷಮೆ ಕೇಳಿದರೆ ನನ್ನ ಮನಸ್ಸು ಹಗುರಾದೀತು ಎಂಬ ಅಗ್ಗದ ಆಸೆ ಅಷ್ಟೆ. ಮರುದಿನ ಮಧ್ಯಾಹ್ನ ಮಾಟುಂಗಕ್ಕೆ ಹೋದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ವತ್ಸಲಾ ಮುಂದಿನ ತರಗತಿಗೆ ಲೋಲಕಗಳನ್ನು ತೂಗುಹಾಕುತ್ತಿದ್ದಳು. ಪತ್ರಿಕೆಯ ವಿಷಯ, ಪ್ರಬಂಧದ ವಿಷಯ ಹೇಳಿದೆ. ಕೇಳಿಸಿಕೊಂಡಳು. ಹಾಳೆ ಕೊಟ್ಟೆ. ನಿಂತಲ್ಲೇ ಓದಿದಳು. ಅಷ್ಟು ದಿನ ಅವಳು ಆ ವಾಕ್ಯದ ಬಗ್ಗೆ ಕೇಳಿದ್ದಳೇ ಹೊರತು ಕಣ್ಣಿಂದ ನೋಡಿರಲಿಲ್ಲ.

"ನಿಮ್ಮ ಬಾಣ ಒಂದೂ ತಪ್ಪಿರ್ಲಿಲ್ಲ" ಎಂದಳು. "ನಿಮ್ಮ ಕಲ್ಲು, ನನ್ನ ಕಲ್ಲು, ಎರಡೂ ಹೇಳಿದ್ದು ಒಂದೇ."

"ನನಗೆ ಗೊತ್ತಿತ್ತು."

"ಗೊತ್ತಿಲ್ಲದೆ ಬರೆದಿದ್ರೆ ನನಗೆ ಸಿಟ್ಟೇ ಇರ್ಲಿಲ್ಲ. ಅಷ್ಟು ಚಂದ ಕೆಲಸ ಮಾಡಿ, ಅದನ್ನು ನೀವೇ ಕೆಟ್ಟದ್ದು ಅಂತ ಬರೆದುಕೊಟ್ಟದ್ದು ಹೇಗೆ ಅಂತ ನನಗೆ ಇವತ್ತಿಗೂ ಅರ್ಥ ಆಗುದಿಲ್ಲ."

ನಾನು ಕ್ಷಮೆ ಕೇಳಿದೆ. ಹಾಳೆಯನ್ನು ಹರಿದುಬಿಡಿ ಎಂದೆ.

"ನಾನು ಯಾಕೆ ಹರೀಲಿ? ವಾಪಸು ಫೈಲಿಗೆ ಹಾಕಿ. ಇದರ ಮೇಲೆ ಇನ್ನೊಂದು ಹಾಳೆ ಹಾಕಿ, ಇದು ಸುಳ್ಳು ಅಂತ. ಯಾಕೆ ಬರೆದದ್ದು ಅಂತಲೂ ಬರೀರಿ. ಒಂದು ಪ್ರತಿ ಡೈರೆಕ್ಟರರಿಗೆ ಹೋಗ್ಲಿ." ಗಂಟೆ ಹೊಡೆಯಿತು. "ಕ್ಷಮೆ ಎಲ್ಲ ಆಮೇಲೆ ನೋಡುವ. ಈಗ ಬಾಗಿಲು ಬಿಡಿ, ಹುಡುಗಿಯರು ಬರ್ತಾರೆ."

ಬರೆಯಲು ಎಂಟು ದಿನ ಹಿಡಿಯಿತು. ನಾಲ್ಕು ಸಾಲು ಅಷ್ಟೆ. ಸೂರ್ಯನ ನೆರಳು ನೋಡಿ ಬಾಣ ಹಾಕಿದ್ದೇನೆ, ಒಂದು ಕಲ್ಲೂ ತಲೆಕೆಳಗಾಗಿಲ್ಲ, ಕೆಲಸ ಕಾಯಂ ಆಗಲೆಂದು ಸುಳ್ಳು ಹೇಳಿಕೆಗೆ ಸಹಿ ಹಾಕಿದೆ, ಅಳತೆಗಳೆಲ್ಲ ಮಿಸ್ ಭಟ್ ಅವರವು. ಈ ಸಲ ವಾಕ್ಯಗಳಲ್ಲಿ ಮನುಷ್ಯರಿದ್ದರು. ಟಪಾಲು ಗುಮಾಸ್ತ ಓದದೆಯೇ ಮೂರು ಪ್ರತಿಗೂ ಮೊಹರು ಒತ್ತಿದ. ಒಂದು ಪ್ರತಿ ಹಳೆಯ ಹೇಳಿಕೆಯೊಂದಿಗೆ ಫೈಲಿಗೆ, ಇನ್ನೊಂದು ಡೈರೆಕ್ಟರರ ಮೇಜಿಗೆ ಹೋಯಿತು. ಅವರು ಮೃದು ಮನುಷ್ಯ, ಯಾರನ್ನೂ ಗದರಲಿಲ್ಲ, ಯಾರಿಗೂ ಶಿಕ್ಷೆ ಕೊಡಲಿಲ್ಲ. ಪ್ರಬಂಧದ ಕರಡನ್ನು ತರಿಸಿಕೊಂಡು ಲೇಖಕರ ಜಾಗದಲ್ಲಿ ವಿ. ಭಟ್ ಎಂದು ಮೊದಲು ಬರೆದು, ಶೇಷಾಚಾರ್ಯರ ಹೆಸರನ್ನು ಅದರ ಹಿಂದಕ್ಕೆ ಸರಿಸಿ ಕಳಿಸಿದರು. ಅಚ್ಚಾದದ್ದು ಹಾಗೆಯೇ. ಅವಳಿಗೆ ಹಳೆಯ ಕೆಲಸಕ್ಕೆ ಕರೆ ಹೋಯಿತು. ಅವಳು ಬರಲಿಲ್ಲ.

ಡೈರೆಕ್ಟರರಿಂದ ಕರಡು ವಾಪಸು ಬಂದ ದಿನ ಶೇಷಾಚಾರ್ ನನ್ನನ್ನು ಕರೆದರು. ಈ ಸಲ ಕುರ್ಚಿ ತೋರಿಸಲಿಲ್ಲ. ಮೇಜಿನ ಮೇಲೆ ನನ್ನ ಎರಡೂ ಹಾಳೆಗಳಿದ್ದವು. ಗದರುತ್ತಾರೆಂದು ನಾನು ಸಿದ್ಧನಾಗಿ ಹೋಗಿದ್ದೆ, ನಿಜ ಹೇಳಬೇಕೆಂದರೆ ಗದರಲಿ ಎಂದು ಆಸೆಪಟ್ಟಿದ್ದೆ. ಒಬ್ಬ ಕೆಟ್ಟ ಮನುಷ್ಯನಿಂದ ಬೈಸಿಕೊಂಡರೆ ಒಳ್ಳೆಯವನಾದಂತೆ ಎಂಬ ಲೆಕ್ಕ ನನ್ನದು.

"ಇವೆರಡರಲ್ಲಿ ಯಾವುದಪ್ಪ ಸುಳ್ಳು?" ಎಂದು ಕೇಳಿದರು.

"ಮೊದಲನೇದು ಸಾರ್."

"ಮೊದಲನೇದು ಬರೆದಾಗ ನಿನ್ನ ಕೆಲಸ ಕಾಯಂ ಆಗಿರಲಿಲ್ಲ. ಎರಡನೇದು ಬರೆದಾಗ ಆಗಿತ್ತು. ಈಗ ನಾನು ನಿನ್ನನ್ನ ತೆಗೆಯೋ ಹಾಗಿಲ್ಲ, ಅದು ನಿನಗೂ ಗೊತ್ತು. ಅದು ಗೊತ್ತಾದ ಮೇಲೆ ನಿನಗೆ ಸತ್ಯ ನೆನಪಾಯ್ತು." ಕನ್ನಡಕ ತೆಗೆದು ಒರೆಸಿಕೊಂಡರು. "ಹೋಗು, ಕೆಲಸ ನೋಡು."

ಆ ಮನುಷ್ಯನನ್ನು ನಾನು ಎಷ್ಟೋ ವರ್ಷ ತಿರಸ್ಕರಿಸಿದ್ದೇನೆ, ಇನ್ನೂ ತಿರಸ್ಕರಿಸುತ್ತೇನೆ. ಕಲ್ಲಾಗಲಿ, ದೇಶವಾಗಲಿ, ಕಡಲಾಗಲಿ, ಅವರು ಯಾವುದನ್ನೂ ಸರಿಯಾಗಿ ಅಳೆದವರಲ್ಲ. ಜೀವಮಾನದಲ್ಲಿ ತಪ್ಪಿಲ್ಲದೆ ಅಳೆದದ್ದು ಒಂದೇ ವಸ್ತುವನ್ನು. ಅದು ಅಂದು ಅವರ ಮೇಜಿನ ಎದುರು ಕೈಕಟ್ಟಿಕೊಂಡು ನಿಂತಿತ್ತು.